ಪಾಠದ ನಡುವೆ ನಗು: ಬಿ.ಎಡ್. ಓದಿಗೆ ನಾನು ಬರೆದ ಪ್ರತಿಕ್ರಿಯೆಗಳು, ಸ್ವಲ್ಪ ನೋಡಿ ಹೇಳ್ತೀರಾ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿ.ಎಡ್. ಓದುತ್ತಿದ್ದೇನೆ. ನನ್ನ ವಿಷಯ ಗಣಿತ. ಈ ಸೆಮಿಸ್ಟರ್‌ನಲ್ಲಿ ಮೇಡಂ ಹಾಸ್ಯ ಮತ್ತು ಕಲಿಕೆ ಬಗ್ಗೆ ಒಂದಷ್ಟು ಸಂಶೋಧನಾ ಲೇಖನ ಕೊಟ್ಟಿದ್ದಾರೆ. ಸಾರಾಂಶ ಬರೆದರೆ ಅಂಕ ಇಲ್ಲ, ಓದಿದ ಮೇಲೆ ನಮಗೆ ಏನು ಅನ್ನಿಸಿತು ಅಂತ ಬರೆಯಬೇಕು. ಎಲ್ಲ ಇಂಗ್ಲಿಷ್ ಲೇಖನಗಳು, ಎಲ್ಲ ಹೊರದೇಶದವು. ನಗುವಿನ ಬಗ್ಗೆ ಬರೆಯುವವರು ಇಷ್ಟು ಸಪ್ಪೆಯಾಗಿ ಯಾಕೆ ಬರೆಯುತ್ತಾರೋ, ಅದರ ಮೇಲೇ ಒಂದು ಸಂಶೋಧನೆ ಆಗಬೇಕು.

ಸಲ್ಲಿಸುವ ಮೊದಲು ಇಲ್ಲಿ ಹಾಕುತ್ತಿದ್ದೇನೆ. ಇಲ್ಲಿ ಮೇಷ್ಟ್ರೂ ಇದ್ದೀರಿ, ಹಿಂದಿನ ಬೆಂಚಿನವರೂ ಇದ್ದೀರಿ. ಬೈದರೂ ಪರವಾಗಿಲ್ಲ.

ಮೊದಲನೇ ಓದು: ಕಪ್ಲಾನ್ ಮತ್ತು ಪಾಸ್ಕೋ, 1977. 508 ಕಾಲೇಜು ವಿದ್ಯಾರ್ಥಿಗಳಿಗೆ ಒಂದೇ ಉಪನ್ಯಾಸವನ್ನು ಬೇರೆ ಬೇರೆ ರೂಪದಲ್ಲಿ ತೋರಿಸಿದರು. ಒಂದು ಪೂರ್ತಿ ಗಂಭೀರ. ಇನ್ನೊಂದರಲ್ಲಿ ಪಾಠದ ಪರಿಕಲ್ಪನೆಯನ್ನೇ ವಿವರಿಸುವ ತಮಾಷೆ. ಮತ್ತೊಂದರಲ್ಲಿ ಪಾಠಕ್ಕೆ ಸಂಬಂಧ ಇಲ್ಲದ ತಮಾಷೆ. ನಾಲ್ಕನೆಯದು ಎರಡನ್ನೂ ಬೆರೆಸಿದ್ದು. ಮುಗಿದ ತಕ್ಷಣ ಪರೀಕ್ಷೆ ಮಾಡಿದರೆ ತಮಾಷೆಯಿಂದ ಏನೂ ಲಾಭ ಕಾಣಲಿಲ್ಲ. ಆರು ವಾರ ಬಿಟ್ಟು ಅದೇ ಪರೀಕ್ಷೆ ಮಾಡಿದರು. ಆಗ ತಮಾಷೆಯ ಉದಾಹರಣೆ ಇದ್ದ ಪರಿಕಲ್ಪನೆಗಳು ಜಾಸ್ತಿ ನೆನಪಿದ್ದವು.

ನನಗೆ ಇದರಲ್ಲಿ ಹಿಡಿಸಿದ್ದು ಆ ಆರು ವಾರ. ನಮ್ಮ ಪಾಠ ಅಭ್ಯಾಸಕ್ಕೆ ಅಂಕ ಕೊಡುವವರು ಹಿಂದೆ ಕೂತು ನೋಡುವುದು ಒಂದು ಪೀರಿಯಡ್. ಮಕ್ಕಳು ನಕ್ಕರೆ 'ತರಗತಿ ಜೀವಂತವಾಗಿತ್ತು' ಅಂತ ಬರೆದು ಹೋಗುತ್ತಾರೆ. ನಗು ಕಾಣುತ್ತೆ, ಕಲಿಕೆ ಕಾಣಲ್ಲ. ಆರು ವಾರ ಆದಮೇಲೆ ಬಂದು ನೋಡುವವರು ಯಾರು?

ಹಾಗಾಗಿ ಒಂದು ಪ್ರಯತ್ನ ಮಾಡಿದೆ. ಸರಾಸರಿ ಪಾಠ. ಮಕ್ಕಳಿಗೆ ಹೇಳಿದ್ದು ಇಷ್ಟೇ: ಅರಸೀಕೆರೆಯವರು ಮಳೆ ಬರಲಪ್ಪಾ ಅಂತ ಹರಕೆ ಹೊರುತ್ತಾರೆ. ಸಕಲೇಶಪುರದವರು ಮಳೆ ನಿಲ್ಲಲಪ್ಪಾ ಅಂತ ಹರಕೆ ಹೊರುತ್ತಾರೆ. ದೇವರು ಎರಡನ್ನೂ ಕೂಡಿಸಿ, ಭಾಗಿಸಿ, 'ಹಾಸನ ಜಿಲ್ಲೆಗೆ ಮಳೆ ಸರಿಯಾಗಿಯೇ ಇದೆಯಲ್ಲ' ಅಂತ ಹೇಳಿ ಮಲಗಿಬಿಟ್ಟ. ಮಕ್ಕಳು ನಕ್ಕರು. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಮಾತ್ರ ನಗಲಿಲ್ಲ. 'ಮಿಸ್, ಹಾಗಾದ್ರೆ ಸರಾಸರಿ ಇಟ್ಕೊಂಡು ಏನ್ ಮಾಡೋದು?' ಅಂತ ಕೇಳಿದಳು. ದತ್ತಾಂಶ ಎಷ್ಟು ಹರಡಿಕೊಂಡಿದೆ ಅನ್ನುವ ಮುಂದಿನ ಪಾಠಕ್ಕೆ ಬಾಗಿಲೇ ಆ ಪ್ರಶ್ನೆ. ನನ್ನ ಪಾಠ ಯೋಜನೆಯಲ್ಲಿ ಅದು ಇರಲೇ ಇಲ್ಲ.

ಎರಡನೇ ಓದು: ಇಸ್ರೇಲಿನ ಅವ್ನರ್ ಜಿವ್, 1988. ಇದೂ ಸಂಖ್ಯಾಶಾಸ್ತ್ರದ ಪಾಠವೇ. ಇಡೀ ಸೆಮಿಸ್ಟರ್ ಒಂದು ಗುಂಪಿಗೆ ಪಾಠಕ್ಕೆ ಹೊಂದುವ ಹಾಸ್ಯ ಸೇರಿಸಿ ಕಲಿಸಿದರು, ಇನ್ನೊಂದು ಗುಂಪಿಗೆ ಹಾಸ್ಯ ಇಲ್ಲದೆ. ಕೊನೆಯ ಪರೀಕ್ಷೆಯಲ್ಲಿ ಹಾಸ್ಯದ ಗುಂಪಿಗೆ ಅಂಕ ಜಾಸ್ತಿ. ಬೇರೆ ವಿದ್ಯಾರ್ಥಿಗಳ ಜೊತೆ ಮತ್ತೆ ಮಾಡಿದಾಗಲೂ ಹಾಗೇ ಬಂತು. ಒಂದು ಕ್ಲಾಸಿಗೆ ಮೂರೋ ನಾಲ್ಕೋ ತಮಾಷೆ, ಅಷ್ಟೇ. ನನ್ನ ತಕರಾರು ಏನೆಂದರೆ, ಯಾವ ಗುಂಪಿಗೆ ತಮಾಷೆ ಮಾಡಬೇಕು ಅಂತ ಪಾಠ ಮಾಡುವವರಿಗೆ ಗೊತ್ತೇ ಇರುತ್ತೆ. ಆ ಕ್ಲಾಸಿಗೆ ಹೋಗುವಾಗ ಅವರಿಗೇ ಉತ್ಸಾಹ ಜಾಸ್ತಿ ಇರಬಹುದು ಅಲ್ವಾ?

ಮೂರನೇ ಓದು: ಸ್ಮಿಟ್, 1994. ತಮಾಷೆ ವಾಕ್ಯ, ಸಾದಾ ವಾಕ್ಯ ಎರಡನ್ನೂ ಬೆರೆಸಿದ ಪಟ್ಟಿ ಕೊಟ್ಟರೆ ತಮಾಷೆಯವು ಜಾಸ್ತಿ ನೆನಪಿದ್ದವು. ಬರೀ ತಮಾಷೆಯದೇ ಪಟ್ಟಿ ಕೊಟ್ಟರೆ ಆ ಲಾಭ ಮಾಯ. ಎಲ್ಲವೂ ನಗುವೇ ಆದರೆ ಯಾವುದೂ ಎದ್ದು ಕಾಣಲ್ಲ.

ನಾಲ್ಕನೇ ಓದು: ಜೇನ್ಸ್ ಮತ್ತು ಓಲ್ಸನ್, 2000. ಒಬ್ಬ ಇನ್ನೊಬ್ಬನನ್ನು ಗೇಲಿ ಮಾಡುವ ವಿಡಿಯೋ ಒಂದು ಗುಂಪಿಗೆ ತೋರಿಸಿದರು. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ವಿಡಿಯೋ ಇನ್ನೊಂದು ಗುಂಪಿಗೆ. ಬೇರೆಯವರ ಗೇಲಿ ನೋಡಿದವರು ಆಮೇಲೆ ನಾಲ್ಕು ಜನ ಹೇಳಿದ್ದಕ್ಕೆ ತಲೆಯಾಡಿಸುವುದು ಜಾಸ್ತಿಯಾಯಿತು, ಸೋಲಿನ ಭಯವೂ ಜಾಸ್ತಿಯಾಯಿತು. ಗಮನಿಸಿ, ಇವರನ್ನು ಯಾರೂ ಗೇಲಿ ಮಾಡಿರಲಿಲ್ಲ. ಸುಮ್ನೆ ಕೂತು ನೋಡಿದ್ದರು. ಇದಕ್ಕೆ ನನ್ನ ಪ್ರತಿಕ್ರಿಯೆ ಇನ್ನೂ ಪೂರ್ತಿ ಬರೆದಿಲ್ಲ. ನಿಮ್ಮಿಂದ ಕೇಳೋಣ ಅಂತ.

ಸುಮ್ನೆ_ಓದುವವ

ಶಾಲೆ ಇರೋದು ಕಲಿಸೋದಕ್ಕೋ ನಗಿಸೋದಕ್ಕೋ? ನಮ್ಮ ಕಾಲದಲ್ಲಿ ಬೆತ್ತ ಇತ್ತು, ಮಗ್ಗಿ ಬರ್ತಿತ್ತು.

ಲೆಕ್ಕದ_ಮೇಷ್ಟ್ರು

ಮೇಲಿನವರಿಗೆ: ಮಗ್ಗಿ ಬರ್ತಿತ್ತು, ಸರಿ. ಬೋರ್ಡ್ ಹತ್ತಿರ ಹೋದ ಕೂಡಲೇ ಮರೆತೂ ಹೋಗ್ತಿತ್ತು. ಅದನ್ನೂ ಹೇಳಿ.

ಹೇಮಾವತಿ ಅವರೇ, ಚೆನ್ನಾಗಿ ಬರೆದಿದ್ದೀರಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ನಿವೃತ್ತಿಗೆ ಹತ್ತಿರ ಇದ್ದೇನೆ. ಈ ಲೇಖನಗಳಲ್ಲಿ ಸಿಗದ ಒಂದು ಸಮಸ್ಯೆ ಹೇಳುತ್ತೇನೆ. ಎ ಸೆಕ್ಷನ್‌ನಲ್ಲಿ ಎರಡನೇ ಪೀರಿಯಡ್‌ಗೆ ಹೇಳಿದ ಜೋಕು ಊಟದ ಬೆಲ್ ಹೊತ್ತಿಗೆ ಬಿ ಸೆಕ್ಷನ್ ತಲುಪಿರುತ್ತೆ. ಮಧ್ಯಾಹ್ನ ಅಲ್ಲಿ ಹೋಗಿ ಬಾಯಿ ತೆರೆದರೆ ಮಕ್ಕಳೇ ಮುಂದಿನ ಸಾಲು ಹೇಳಿಬಿಡುತ್ತಾರೆ. ಸಂಶೋಧನೆ ಮಾಡುವವರಿಗೆ ಬಿಸಿಯೂಟದ ಸಾಲು ಗೊತ್ತಿಲ್ಲ.

ಇನ್ನು ನಿಮ್ಮ ಅರಸೀಕೆರೆ, ಸಕಲೇಶಪುರದ ಮಾತು. ಅದು ಕೆಲಸ ಮಾಡಿದ್ದು ನಗುವಿನಿಂದಲೋ, ಊರಿನ ಹೆಸರಿನಿಂದಲೋ? ನನ್ನ ಅನುಮಾನ ಎರಡನೆಯದರ ಮೇಲೆ. ಪುಸ್ತಕದಲ್ಲಿ ಯಾವುದೋ 'ಅ' ನಗರ, 'ಬ' ನಗರ ಅಂತ ಇರುತ್ತೆ. ಅಲ್ಲಿ ಯಾರಿಗೂ ಚಿಕ್ಕಪ್ಪ ಇಲ್ಲ, ಅತ್ತೆಮನೆ ಇಲ್ಲ. ಎರಡೂ ಊರು ಗೊತ್ತಿರುವ ಮಗುವಿಗೆ ಜೋಕು ಇಲ್ಲದೆ ಹೇಳಿದರೂ ಅರ್ಥ ಆಗ್ತಿತ್ತು.

ಹೇಮಾವತಿ_ದಂಡೆ

ಸರ್, ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಒಂದು ಸೆಕ್ಷನ್‌ಗೆ ಬರೀ ಎರಡು ಊರಿನ ಮಳೆ ಲೆಕ್ಕ, ಇನ್ನೊಂದಕ್ಕೆ ಹರಕೆ ಕಥೆ ಸಮೇತ, ಆರು ವಾರ ಬಿಟ್ಟು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಬಹುದಲ್ವಾ?

ಲೆಕ್ಕದ_ಮೇಷ್ಟ್ರು

ಕೇಳಬಹುದು. ಊಟದ ಬೆಲ್ ಹೊಡೆಯದ ದಿನ ನೋಡಿ ಮಾಡಿ.

ಅರಸೀಕೆರೆ_ತೆಂಗು

ನಮ್ಮ ಬರ ನಿಮಗೆ ಜೋಕು ಆಯ್ತಾ ಹೇಮಾವತಿಯವರೇ? ತಮಾಷೆಗೆ ಹೇಳಿದೆ, ಆದರೆ ಪೂರ್ತಿ ತಮಾಷೆಯೂ ಅಲ್ಲ. ನಮ್ಮ ಕಡೆ ಮಳೆ ಕೈಕೊಟ್ಟು ಬೋರ್‌ವೆಲ್ ಬತ್ತಿ ತೆಂಗಿನ ಸುಳಿ ಒಣಗಿದ್ದನ್ನು ನೋಡಿದ ಮನೆಗಳಿವೆ. ಆ ಮನೆಯ ಹುಡುಗ ನಿಮ್ಮ ಕ್ಲಾಸಲ್ಲಿ ಕೂತಿದ್ದರೆ?

ಸಕಲೇಶಪುರದ ಶಾಲೆಯಲ್ಲಿ ಹೇಳಿದರೆ ಒಂದು ಅರ್ಥ, ಅರಸೀಕೆರೆಯಲ್ಲಿ ಹೇಳಿದರೆ ಇನ್ನೊಂದು. ಆದರೆ ಒಂದು ಒಪ್ಪುತ್ತೇನೆ. ನಿಮ್ಮ ಕಥೆಯಲ್ಲಿ ಪೆದ್ದ ಆಗಿದ್ದು ದೇವರು, ರೈತ ಅಲ್ಲ. ಅಷ್ಟರಮಟ್ಟಿಗೆ ಬಚಾವ್.

ಕಡೂರು_ಕಡೆಯವಳು

ನಮ್ಮ ಚಿಕ್ಕಮಗಳೂರು ಜಿಲ್ಲೆಗೂ ಇದೇ ಕಥೆ. ಕಡೂರಲ್ಲಿ ಮೋಡ ನೋಡಿ ಆಸೆ ಪಡ್ತೀವಿ, ಶೃಂಗೇರಿಯಲ್ಲಿ ಮೋಡ ನೋಡಿ ಬೈತಾರೆ. ಜಿಲ್ಲಾ ಸರಾಸರಿ ಇಬ್ಬರಿಗೂ ಉಪಯೋಗ ಇಲ್ಲ. ಕಡೂರಿನವಳಾಗಿ ಈ ಜೋಕನ್ನು ನಾನೇ ಹೇಳಬಹುದು, ಶೃಂಗೇರಿಯವರು ಹೇಳಿದರೆ ಜಗಳಕ್ಕೆ ಬರ್ತೀನಿ.

ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಒಂದು ವಿಷಯ ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ. ಗಂಡು ಮೇಷ್ಟ್ರು ಜೋಕು ಹೊಡೆದರೆ 'ಸರ್ ಜಾಲಿ' ಅಂತಾರೆ. ನಾನು ಹೊಡೆದರೆ ಪಕ್ಕದ ಕ್ಲಾಸಿನವರು ಬಾಗಿಲಲ್ಲಿ ಇಣುಕಿ 'ಮೇಡಂ, ಕ್ಲಾಸ್ ಕಂಟ್ರೋಲ್‌ನಲ್ಲಿದೆಯಾ?' ಅಂತಾರೆ. ಎಷ್ಟೋ ಹೆಂಗಸರು ಕ್ಲಾಸಿನ ಒಳಗೆ ಹೋಗುವಾಗ ನಗುವನ್ನು ಸ್ಟಾಫ್ ರೂಮಲ್ಲಿ ಚಪ್ಪಲಿ ಥರ ಬಿಟ್ಟು ಹೋಗ್ತಾರೆ.

ಹೇಮಾವತಿ_ದಂಡೆ

ಮೇಡಂ, ಇದಕ್ಕೆ ಪುರಾವೆ ಇದೆ! ನಮ್ಮ ಹೆಚ್ಚುವರಿ ಓದಿನಲ್ಲಿತ್ತು. ಬ್ರಯಂಟ್ ಮತ್ತು ಜೊತೆಗಾರರ 1980ರ ಅಧ್ಯಯನ, ಅಮೆರಿಕದ ಕಾಲೇಜುಗಳದ್ದು. ಗಂಡು ಅಧ್ಯಾಪಕರು ಹಾಸ್ಯ ಜಾಸ್ತಿ ಬಳಸಿದಲ್ಲಿ ವಿದ್ಯಾರ್ಥಿಗಳು ಅವರಿಗೆ ಒಳ್ಳೆಯ ಅಭಿಪ್ರಾಯ ಕೊಟ್ಟಿದ್ದರು. ಹೆಣ್ಣು ಅಧ್ಯಾಪಕರಿಗೆ ಆ ಲಾಭ ಹೆಚ್ಚುಕಡಿಮೆ ಸಿಗಲೇ ಇಲ್ಲ. ನಾನದನ್ನು ಹಳೇ ಕಾಲದ್ದು ಅಂತ ಪಕ್ಕಕ್ಕಿಟ್ಟಿದ್ದೆ. ಈಗ ಸೇರಿಸುತ್ತೇನೆ.

ಹಿಂದಿನ_ಬೆಂಚು

ನಾಲ್ಕನೇ ಓದಿನ ಬಗ್ಗೆ ಬರೆಯೋಣ ಅಂತ ಬಂದೆ.

ನಮ್ಮ ಮನೆಯಲ್ಲಿ ಮಾತಾಡುವಾಗ ಹಕಾರ ಬರಲ್ಲ. ಹಾಲು ಅಂದರೆ ಆಲು, ಹಸು ಅಂದರೆ ಅಸು. ಐದನೇ ಕ್ಲಾಸಿಗೆ ಊರಿನಿಂದ ಪೇಟೆ ಶಾಲೆಗೆ ಹಾಕಿದರು. ಮೊದಲ ವಾರ ಮೇಷ್ಟ್ರು ಎದ್ದು ನಿಲ್ಲಿಸಿ ಯಾವ ಊರು ಅಂತ ಕೇಳಿದರು. 'ಆಸನ ಸಾ' ಅಂದೆ. 'ಆಸನ ಇದ್ದರೆ ಕೂತ್ಕೋ ಮತ್ತೆ!' ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಈಗ ಕೇಳಿದರೆ ನನಗೂ ನಗು ಬರುತ್ತೆ, ಜೋಕು ಚೆನ್ನಾಗಿಯೇ ಇದೆ.

ಆದರೆ ನೀವು ಬರೆದ ಹಾಗೆ, ಪೆಟ್ಟು ಬಿದ್ದದ್ದು ನನಗೊಬ್ಬನಿಗೇ ಅಲ್ಲ. ಆ ಕ್ಲಾಸಲ್ಲಿ ನಮ್ಮ ಕಡೆಯ ಹಳ್ಳಿಯಿಂದ ಬಂದವರು ಇನ್ನೂ ಸುಮಾರು ಜನ ಇದ್ದರು. ಅವರೂ ನಕ್ಕರು, ಜೋರಾಗೇ ನಕ್ಕರು. ಆಮೇಲೆ ಅವರಲ್ಲಿ ಒಬ್ಬರೂ ಪಾಠ ಓದೋಕೆ ಎದ್ದು ನಿಲ್ಲಲಿಲ್ಲ. 'ಯಾರು ಓದ್ತೀರಾ?' ಅಂದರೆ ಕೈ ಎತ್ತುತ್ತಿದ್ದದ್ದು ಪೇಟೆ ಮಕ್ಕಳು ಮಾತ್ರ. ಆ ಮೇಷ್ಟ್ರಿಗೆ ಇದು ಗೊತ್ತೇ ಆಗಿರಲ್ಲ. ಅವರ ಲೆಕ್ಕದಲ್ಲಿ ಅವತ್ತು ಕ್ಲಾಸು ಒಳ್ಳೇ ಕಳೆಗಟ್ಟಿತ್ತು.

ಲೆಕ್ಕದ_ಮೇಷ್ಟ್ರು

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಇಂಥ ಜೋಕುಗಳನ್ನು ಹೆಮ್ಮೆಯಿಂದ ಹಂಚಿಕೊಳ್ಳುವುದು ನಾನು ಬಹಳ ನೋಡಿದ್ದೇನೆ. ಹೇಮಾವತಿಯವರೇ, ನಿಮ್ಮ ನಾಲ್ಕನೇ ಪ್ರತಿಕ್ರಿಯೆ ಬೇರೆಲ್ಲೂ ಹುಡುಕಬೇಡಿ.

ಹೇಮಾವತಿ_ದಂಡೆ

ಹಿಂದಿನ_ಬೆಂಚು ಅವರೇ, ಹೆಸರು, ಶಾಲೆ ಏನೂ ಹಾಕದೆ ಇದನ್ನು ನನ್ನ ಪ್ರತಿಕ್ರಿಯೆಯಲ್ಲಿ ಬಳಸಿಕೊಳ್ಳಬಹುದಾ?

ಹಿಂದಿನ_ಬೆಂಚು

ಧಾರಾಳವಾಗಿ. ಹಕಾರ ಸರಿಯಾಗಿ ಹಾಕಿ ಅಷ್ಟೇ.

ನಾಲ್ಕನೇ_ಸೆಮ್

ನಾನು ಚಿಕ್ಕಮಗಳೂರಲ್ಲಿ ಎಂಜಿನಿಯರಿಂಗ್. ನಮ್ಮ ಸರ್ ಒಬ್ಬರು ಪ್ರತಿ ಸ್ಲೈಡಿಗೂ ಒಂದು ಮೀಮ್ ಹಾಕ್ತಾರೆ. ಒಳ್ಳೇ ಮನುಷ್ಯ, ಎಲ್ಲರಿಗೂ ಇಷ್ಟ. ಆದರೆ ಇಂಟರ್ನಲ್ಸ್ ದಿನ ಮೀಮ್ ಎಲ್ಲ ನೆನಪಿತ್ತು, ಸ್ಲೈಡಲ್ಲಿ ಏನಿತ್ತು ಅಂತ ನೆನಪಾಗಲಿಲ್ಲ. ಇದಕ್ಕೂ ಯಾರಾದರೂ ಲೇಖನ ಬರೆದಿದ್ದಾರಾ?

ಹೇಮಾವತಿ_ದಂಡೆ

ಬರೆದಿದ್ದಾರೆ. ಹಾರ್ಪ್ ಮತ್ತು ಮೇಯರ್, 1998. ಹಾಸ್ಯದ ಬಗ್ಗೆ ಅಲ್ಲ, ಆದರೆ ಹತ್ತಿರದ್ದೇ. ಮಿಂಚು ಹೇಗೆ ಹುಟ್ಟುತ್ತೆ ಅಂತ ವಿವರಿಸುವ ಪಾಠ. ಒಂದು ಗುಂಪಿಗೆ ಅದರ ನಡುವೆ ಸಿಡಿಲು ಬಡಿದವರ ಬಗ್ಗೆ ರೋಚಕ ತುಣುಕುಗಳನ್ನು ಸೇರಿಸಿ ಕೊಟ್ಟರು. ತುಣುಕು ಓದಿದವರಿಗೆ ಮಿಂಚಿನ ವಿವರಣೆ ಕಡಿಮೆ ನೆನಪಿತ್ತು. ಆ ವಿವರಣೆ ಬಳಸಿ ಹೊಸ ಪ್ರಶ್ನೆ ಬಿಡಿಸುವುದರಲ್ಲೂ ಹಿಂದೆ ಬಿದ್ದರು. ರೋಚಕ ತುಣುಕುಗಳು ಓದುವವರ ತಲೆಯನ್ನು ಬೇರೆ ದಿಕ್ಕಿಗೆ ತಿರುಗಿಸಿಬಿಡುತ್ತವೆ ಅನ್ನುವುದು ಅವರ ವಾದ.

ಬೇಲೂರಿಗೆ ಟೂರ್ ಹೋದ ಮಕ್ಕಳನ್ನು ಕೇಳಿ ನೋಡಿ. ಕೋತಿ ಸೀರೆ ಎಳೆಯುವ ಮದನಿಕೆ ಎಲ್ಲರಿಗೂ ನೆನಪಿರುತ್ತೆ. ಗೈಡು ಅಲ್ಲಿ ನಿಂತು ನಗಿಸಿರುತ್ತಾರಲ್ಲ. ಗುಡಿ ಪ್ರತಿಷ್ಠೆ ಆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಅನ್ನುವುದು ಎಷ್ಟು ಜನಕ್ಕೆ ನೆನಪಿರುತ್ತೆ?

ನಾಲ್ಕನೇ_ಸೆಮ್

ನನಗೆ ಕೋತಿ ನೆನಪಿದೆ. ಸಾರಿ.

ಬಯಲಾಟದ_ಹುಚ್ಚು

ಕೊಪ್ಪ ಕಡೆಯವನು ನಾನು, ಆಟ ನೋಡಿಕೊಂಡೇ ಬೆಳೆದವನು. ನೀವೆಲ್ಲ ಅಮೆರಿಕ, ಇಸ್ರೇಲ್ ಅಂತ ಸುತ್ತುತ್ತಿದ್ದೀರಿ. ಪರಿಕಲ್ಪನೆಯ ಮೇಲೇ ಕೂರುವ ತಮಾಷೆ ಬೇಕಾದರೆ ಯಕ್ಷಗಾನದ ಹಾಸ್ಯಗಾರನನ್ನು ನೋಡಿ ಸ್ವಾಮಿ.

ಮೇಳದಲ್ಲಿ ಹಾಸ್ಯಗಾರ ಅಂದರೆ ಹಗುರ ಅಲ್ಲ. ಅವನಿಗೆ ಪ್ರಸಂಗ ಪೂರ್ತಿ ಗೊತ್ತಿರಬೇಕು, ಎಲ್ಲ ವೇಷದ ನಡೆ ಗೊತ್ತಿರಬೇಕು. ಒಂದೇ ರಾತ್ರಿ ದೂತನೂ ಆಗಬೇಕು, ಬ್ರಾಹ್ಮಣನೂ ಆಗಬೇಕು, ಮುದುಕಿಯೂ ಆಗಬೇಕು. ರಾಜನ ವೇಷ ದೊಡ್ಡ ದೊಡ್ಡ ಮಾತಿನಲ್ಲಿ ಧರ್ಮ, ಶಪಥ ಅಂತ ಅರ್ಥ ಹೇಳಿ ಮುಗಿಸುತ್ತೆ. ಹಾಸ್ಯಗಾರ ಪಕ್ಕದಲ್ಲಿ ನಿಂತು 'ಅಂದರೆ ನಾಳೆಯಿಂದ ನಮಗೆ ಊಟ ಇಲ್ಲ ಅಂತಾಯಿತು' ಅನ್ನುತ್ತಾನೆ. ಹಿಂದೆ ಚಾಪೆ ಮೇಲೆ ತೂಕಡಿಸುತ್ತಿದ್ದ ಅಜ್ಜಿಗೂ ಆಗ ಕಥೆ ಎಲ್ಲಿಗೆ ಬಂತು ಅಂತ ಗೊತ್ತಾಗುತ್ತೆ. ಆ ನಗು ಕಥೆಯ ಹೊರಗಿನದಲ್ಲ, ಕಥೆಯದೇ.

ಇನ್ನೊಂದು. ಆಟದ ಮೊದಲು ಪೂರ್ವರಂಗದಲ್ಲಿ ಕೋಡಂಗಿ ವೇಷ ಕುಣಿಯುತ್ತಲ್ಲ, ಅದನ್ನು ಹಾಕುತ್ತಿದ್ದವರು ಹೊಸದಾಗಿ ಕಲಿಯಲು ಬಂದ ಹುಡುಗರು. ಹೆಜ್ಜೆ ತಪ್ಪಿದರೂ ಕೋಡಂಗಿ ಅಲ್ಲವಾ ಅಂತ ನಡೆದುಹೋಗುತ್ತೆ. ತಪ್ಪು ಮಾಡಲು ಜಾಗ ಕೊಟ್ಟೇ ಕಲಿಸುತ್ತಿದ್ದರು. ನಿಮ್ಮ ನಾಲ್ಕನೇ ಓದಿನ ಭಯದ ಮಾತು ಇಲ್ಲಿ ಬರೋದೇ ಇಲ್ಲ.

ಕಡೂರು_ಕಡೆಯವಳು

ಕೋಡಂಗಿ ವಿಷಯ ಚೆನ್ನಾಗಿದೆ. ಆದರೆ ಮೇಳದ ಹಾಸ್ಯ ಎಲ್ಲವೂ ಕಥೆಯದೇ ಅಂತ ಹೇಳಬೇಡಿ. ಕುರುಡ, ಕುಂಟ, ತೊದಲು ಮಾತು, ಹೆಂಡತಿಗೆ ಬಯ್ಯುವುದು, ಇವೆಲ್ಲ ಎಷ್ಟು ಬರುತ್ತೆ ಅಂತ ನೀವೂ ನೋಡಿದ್ದೀರಿ. ಅಲ್ಲೂ ಮುಂದೆ ಕೂತ ಮಕ್ಕಳು ಕಲಿಯುತ್ತಿರುತ್ತಾರೆ. ಏನು ಕಲಿಯುತ್ತಾರೆ?

ಬಯಲಾಟದ_ಹುಚ್ಚು

ಒಪ್ಪಿದೆ ಮೇಡಂ. ಒಳ್ಳೆಯ ಹಾಸ್ಯಗಾರನ ಬಗ್ಗೆ ಹೇಳಿದ್ದು ಅಂತ ತಿದ್ದಿಕೊಳ್ಳಿ.

ಹೇಮಾವತಿ_ದಂಡೆ

ಕೊನೆಯ ಓದು ಒಂದು ಬಾಕಿ ಇತ್ತು, ಈಗ ಮುಗಿಸಿದೆ. ವಾಂಜರ್, ಫ್ರೈಮಿಯರ್, ಇರ್ವಿನ್, 2010. ಪಾಠದ ಹಾಸ್ಯ ಯಾವಾಗ ಕಲಿಕೆಗೆ ಆಗುತ್ತೆ ಅಂತ ಇವರದೊಂದು ಸಿದ್ಧಾಂತ. ಮೊದಲು ಕೇಳುವವನಿಗೆ 'ಇಲ್ಲೇನೋ ಹೊಂದುತ್ತಿಲ್ಲ' ಅಂತ ಕಾಣಬೇಕು. ಆಮೇಲೆ ಆ ಗಂಟನ್ನು ಅವನೇ ಬಿಚ್ಚಬೇಕು. ಬಿಚ್ಚಿದರೆ ನಗು, ಇಲ್ಲದಿದ್ದರೆ ಬರೀ ಗೊಂದಲ. ಬಿಚ್ಚಿದ ಮೇಲೂ ತಮಾಷೆ ಯಾರನ್ನೂ ನೋಯಿಸದೆ, ಪಾಠಕ್ಕೆ ಹೊಂದಿದರೆ ಮಾತ್ರ ಗಮನ ಪಾಠದ ಕಡೆ ಹೋಗುತ್ತೆ.

ಇದನ್ನು ಓದಿದಾಗ ಡಿಗ್ರಿ ಮೊದಲ ವರ್ಷ ಕಣ್ಣ ಮುಂದೆ ಬಂತು. ನಾವು ಕನ್ನಡ ಮಾಧ್ಯಮದಿಂದ ಬಂದವರು ಬಲಗಡೆ ಸಾಲಿನಲ್ಲಿ ಕೂರುತ್ತಿದ್ದೆವು. ಇಂಗ್ಲಿಷಿನಲ್ಲಿ ಜೋಕು ಬಂದಾಗ ಎಡಗಡೆ ಸಾಲು ಮೊದಲು ನಗುತ್ತಿತ್ತು. ನಾವು ಅವರ ಮುಖ ನೋಡಿ ನಗುತ್ತಿದ್ದೆವು, ಅರ್ಧ ಸೆಕೆಂಡು ತಡವಾಗಿ. ಮುಂದೆ ನಿಂತವರಿಗೆ ಕೇಳಿದ್ದು ಒಂದೇ ನಗು. ಗಂಟು ಬಿಚ್ಚಿದವರು ಅರ್ಧ ಜನ ಮಾತ್ರ. ಉಳಿದವರು ಜೋಕಿನಲ್ಲೂ ಫೇಲು, ಪಾಠದಲ್ಲೂ ಫೇಲು.

ಈಗ ನನ್ನ ಒಟ್ಟು ನಿಲುವು ಹೀಗೆ ಬರೆಯೋಣ ಅಂತಿದ್ದೇನೆ. ಪಾಠದಲ್ಲಿ ಹಾಸ್ಯ ಬೇಕಾ ಬೇಡ್ವಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಜೋಕನ್ನು ತೆಗೆದುಹಾಕಿದರೆ ಪಾಠಕ್ಕೆ ಏನಾದರೂ ನಷ್ಟ ಆಗುತ್ತಾ ಅಂತ ಕೇಳಬೇಕು. ನಷ್ಟ ಇಲ್ಲ ಅಂದರೆ ಅದು ಕ್ಲಾಸಿನ ಕಳೆಗೆ ಹೇಳಿದ್ದು, ಕಲಿಕೆಗೆ ಹೇಳಿದ್ದಲ್ಲ. ಕಳೆಯೂ ಬೇಕು, ಇಲ್ಲ ಅನ್ನಲ್ಲ. ಆದರೆ ಎರಡನ್ನೂ ಒಂದೇ ಅಂತ ಲೆಕ್ಕ ಹಾಕಬಾರದು.

ಲೆಕ್ಕದ_ಮೇಷ್ಟ್ರು

ನಿಲುವು ಗಟ್ಟಿಯಾಗಿದೆ. ಸರಿ, ಈಗ ಪರೀಕ್ಷೆ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ? ಇದಕ್ಕೆ ತೆಗೆದುಹಾಕಲಾಗದ ಜೋಕು ಕೊಡಿ ನೋಡೋಣ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿಲ್ಲ. 'ನಿಯಮ ಹಾಗಿದೆ, ಬರ್ಕೊಳ್ಳಿ' ಅಂತಲೇ ಬಂದಿದ್ದೇನೆ.

ಅರಸೀಕೆರೆ_ತೆಂಗು

ನಮ್ಮ ಕೊಬ್ಬರಿ ಮಂಡಿಯಿಂದ ಒಂದು ತಗೊಳ್ಳಿ ಮೇಷ್ಟ್ರೇ. ನಾನು ಸಾಹುಕಾರನ ಹತ್ತಿರ ಸಾಲ ಮಾಡಿದ್ದೇನೆ. ನೂರು ರೂಪಾಯಿಯ ಪತ್ರ ಒಂದೊಂದೂ ನನ್ನ ಪಾಲಿಗೆ ಮೈನಸ್ ನೂರು. ರಾತ್ರಿ ಇಲಿ ಬಂದು ಮೂರು ಪತ್ರ ತಿಂದುಹಾಕಿತು. ಪತ್ರ ಮೂರು ಕಡಿಮೆ ಆಯಿತು, ಅಂದರೆ ಮೈನಸ್ ಮೂರು. ಬೆಳಿಗ್ಗೆ ನಾನು ಏನೂ ದುಡಿಯದೆ ಮುನ್ನೂರು ರೂಪಾಯಿ ಮೇಲೆ ಬಂದಿದ್ದೇನೆ. ಇಲಿಗೆ ಒಂದು ಹೋಳು ಕೊಬ್ಬರಿ ಬಹುಮಾನ.

ಹೇಮಾವತಿ_ದಂಡೆ

ಇದು ಅದೇ! ಇಲಿ ತೆಗೆದುಹಾಕಿದರೆ ಲೆಕ್ಕವೇ ನಿಲ್ಲಲ್ಲ. ಮುಂದಿನ ಪಾಠಕ್ಕೆ ಇಲಿ ಬರುತ್ತೆ.

ಹಿಂದಿನ_ಬೆಂಚು

ಒಂದು ಡೌಟು. ಇಲಿ ತಿಂದಿದ್ದು ಸಾಹುಕಾರನ ಕೈಲಿದ್ದ ಪತ್ರವಾ, ಇವರ ಮನೆಯಲ್ಲಿದ್ದ ನಕಲಾ? ನಕಲು ಆದರೆ ಮುನ್ನೂರು ಎಲ್ಲಿಂದ ಬಂತು?

ಲೆಕ್ಕದ_ಮೇಷ್ಟ್ರು

ಹೇಮಾವತಿಯವರೇ, ಕ್ಲಾಸಲ್ಲಿ ಒಬ್ಬ ಇದನ್ನು ಕೇಳೇ ಕೇಳ್ತಾನೆ. ಪತ್ರ ಸಾಹುಕಾರನ ಪೆಟ್ಟಿಗೆಯಲ್ಲೇ ಇತ್ತು ಅಂತ ಮೊದಲೇ ಹೇಳಿಬಿಡಿ. ನಕಲಿನ ಪ್ರಶ್ನೆ ಬಂದರೆ ಬಿಡಬೇಡಿ, ಬೋರ್ಡಿಗೆ ಕರೆದು ಅವನ ಕೈಲೇ ಆ ಲೆಕ್ಕವನ್ನೂ ಬರೆಸಿ.